ಮುಚ್ಚಳ ಹಾಕುವ ಮೊದಲು

ಸೋಮವಾರ, ಸಂಜೆ

ಪ್ರೀತಿಯ ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಒಮ್ಮೆ ಉಸಿರು ಬಿಟ್ಟು, ಆಮೇಲೆ ಬೈಯಲು ಶುರುಮಾಡು.

ಕಾರ್ಮಿಕರ ಓದುಮನೆಯಲ್ಲಿ ನಾನು ಭಾನುವಾರ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದು ನಿನಗೆ ಗೊತ್ತು. ನಿನ್ನೆ ಗಾಳಿಯ ಒತ್ತಡದ ಪಾಠ. ನೀರು ತುಂಬಿದ ಲೋಟದ ಬಾಯಿಗೆ ರಟ್ಟು ಒತ್ತಿ ತಲೆಕೆಳಗು ಮಾಡಿದೆ. ಒಂದು ಹನಿಯೂ ಬೀಳಲಿಲ್ಲ. ರಟ್ಟಿಗೆ ಗೋಂದು ಹಚ್ಚಿದ್ದೀಯ ಅಕ್ಕಾ, ಮೋಸ, ಎಂದು ಒಬ್ಬಳು ಜಗಳಕ್ಕೇ ಬಂದಳು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ನಮಗೆ ಬೇಕಾಗಿರುವುದು ಅನುಮಾನ ಪಡುವ ಮಕ್ಕಳು, ತಲೆಯಾಡಿಸುವವರಲ್ಲ. ಹೊರಡುವಾಗ ಹನ್ನೆರಡು ಮಕ್ಕಳಿಗೂ ನಾನೇ ಬರೆದ ಕರಪತ್ರ ಹಂಚಿದೆ: ತಗಡಿನ ಡಬ್ಬಿಯಲ್ಲಿ ಸ್ವಲ್ಪ ನೀರು ಕುದಿಸಿ, ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿಯಿರಿ, ಹೊರಗಿನ ಗಾಳಿ ಡಬ್ಬಿಯನ್ನು ಹೇಗೆ ನಜ್ಜುಗುಜ್ಜು ಮಾಡುತ್ತದೆ ನೋಡಿ.

ಬೆಂಚು ಸರಿಸುತ್ತಾ ಉಳಿದಿದ್ದ ಒಂದು ಪ್ರತಿಯ ಮೇಲೆ ಕಣ್ಣಾಡಿಸಿದೆ. ಮುಚ್ಚಳ ಹಾಕುವ ಮೊದಲು ಡಬ್ಬಿಯನ್ನು ಒಲೆಯಿಂದ ಇಳಿಸಿ ಎಂಬ ಸಾಲೇ ಇರಲಿಲ್ಲ. ಉರಿಯ ಮೇಲೇ ಮುಚ್ಚಿದರೆ ಆವಿಗೆ ದಾರಿಯಿಲ್ಲ. ಡಬ್ಬಿ ಕುಗ್ಗುವುದಿಲ್ಲ, ಸಿಡಿಯುತ್ತದೆ. ಮುದ್ರಣದಲ್ಲಿ ಬಿಟ್ಟುಹೋಗಿರಬೇಕು.

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಮನೆಮನೆ ಹತ್ತಿಳಿದು ಹತ್ತು ಕರಪತ್ರ ಕಿತ್ತುಕೊಂಡೆ. ಹನ್ನೊಂದನೆಯದನ್ನು ಒಬ್ಬ ಮಡಚಿ ದೋಣಿ ಮಾಡಿ ಚರಂಡಿಯಲ್ಲಿ ಬಿಟ್ಟಿದ್ದ, ಅವನನ್ನು ಮುದ್ದಾಡಬೇಕೆನಿಸಿತು. ಹನ್ನೆರಡನೆಯದು ಆ ಜಗಳಗಂಟಿಯ ಮನೆ, ಮೂರನೇ ಮಹಡಿ. ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಡಬ್ಬಿ ಬುಸುಗುಡುತ್ತಿತ್ತು. ಮುಚ್ಚಳ ಅವಳ ಅಜ್ಜಿಯ ಮುಷ್ಟಿಯಲ್ಲಿತ್ತು.

ಅಜ್ಜಿ ಮೂವತ್ತು ವರ್ಷ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವರು. ಮುಚ್ಚಳಕ್ಕೆ ಚಮಚದಿಂದ ತಟ್ಟಿ, ಸದ್ದಿನಲ್ಲೇ ಒಳಗೆ ಗಾಳಿ ಉಳಿದಿದೆಯೇ ಎಂದು ಹೇಳುವುದು ಅವರ ಕೆಲಸ. ಬಾರಮ್ಮಾ ಮೇಷ್ಟ್ರಮ್ಮಾ, ನಿನ್ನ ಚೀಟಿ ನಂಬಿದ್ದಿದ್ರೆ ಇಷ್ಟೊತ್ತಿಗೆ ನಮ್ಮನೆಗೆ ಇನ್ನೊಂದು ಕಿಟಕಿ ಆಗಿರೋದು ಎಂದರು. ನಾನು ಹೊಸ್ತಿಲ ಮೇಲೇ ಕುಸಿದು ಗೊಳೋ ಎಂದು ಅತ್ತೆ. ಅವರು ಡಬ್ಬಿ ಇಳಿಸಿ, ಮುಚ್ಚಿ, ನೀರು ಹೊಯ್ದರು. ಅದು ಕಟಕಟನೆ ಮುದುಡಿಕೊಂಡಿತು. ಹುಡುಗಿ ಕುಣಿದಳು, ಮೂಗು ಸೀಟುತ್ತಾ ನಾನೂ ಕುಣಿದೆ.

ಇವತ್ತು ಮಧ್ಯಾಹ್ನ ಹೊಟ್ಟೆ ತುಂಬಾ ಉಂಡೆ. ಒಳ್ಳೆಯ ನಿದ್ದೆಯೂ ಬಂತು.

ನಿನ್ನ
ಸಿಡುಕಿ

ಇನ್ನೊಂದು ಮಾತು: ಆ ಸಾಲು ಮುದ್ರಣದಲ್ಲಿ ಬಿಟ್ಟುಹೋದದ್ದಲ್ಲಮ್ಮ. ಹಾಳೆಯಲ್ಲಿ ಜಾಗ ಸಾಲದೆ ನಾನೇ ಹೊಡೆದುಹಾಕಿದ್ದೆ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ದಪ್ಪ ಅಕ್ಷರದಲ್ಲಿ ಹಾಕಲು ನನಗೆ ಆ ಜಾಗ ಬೇಕಿತ್ತು. ಅಜ್ಜಿಯ ಹತ್ತಿರವೂ ಮುದ್ರಕರ ಮೇಲೆ ತಪ್ಪು ಹೊರಿಸಿ ಬಂದಿದ್ದೆ. ಇವತ್ತು ಬೆಳಿಗ್ಗೆ ಹೋಗಿ ನಿಜ ಹೇಳಿದೆ. ನಂಗೊತ್ತಿತ್ತು ಕಣೇ, ಬೇರೆಯವರ ತಪ್ಪಿಗೆ ಯಾರೂ ಹಾಗೆ ಅಳಲ್ಲ ಎಂದರು.