ಉಲ್ಟಾ ಕಟ್ಟಿದ ಮೀಟರು

ಅಪ್ಪಾ,

ನೀನು ಹೋಗಿ ಎರಡು ವರ್ಷವಾದರೂ ಈ ಸುದ್ದಿ ನಿನಗೇ ಹೇಳಬೇಕು. ನಿನ್ನೆ ಸಮುದ್ರದಲ್ಲಿ ಹದಿನೆಂಟು ಮೀಟರ್ ಆಳಕ್ಕೆ ಇಳಿದು, ಕ್ಷೇಮವಾಗಿ ಮೇಲೆ ಬಂದೆ.

ಆಳ ತೋರಿಸುವ ಮೀಟರು ಬೆನ್ನ ಮೇಲಿನ ಗಾಳಿ ಸಿಲಿಂಡರಿನ ಪೈಪಿನ ತುದಿಯಲ್ಲಿ ನೇತಾಡುವುದೂ ಇದೆ, ಮಣಿಕಟ್ಟಿಗೆ ಕಟ್ಟುವುದೂ ಇದೆ. ನಾನು ಮಣಿಕಟ್ಟಿನದನ್ನೇ ಆರಿಸಿ, ಅದರ ಮುಖ ಅಂಗೈ ಕಡೆ ಬರುವಂತೆ ಕಟ್ಟಿಕೊಂಡೆ. "ಮೇಡಂ, ಉಲ್ಟಾ ಕಟ್ಕೊಂಡಿದೀರ," ಎಂದು ಡೈವಿಂಗ್ ಮೇಷ್ಟ್ರು ನಕ್ಕರು.

ಕೆ.ಆರ್. ಮಾರ್ಕೆಟ್ಟಿನಲ್ಲಿ ತಲೆಮೇಲಿನ ತರಕಾರಿ ಬುಟ್ಟಿಯಿಂದ ಕೈ ತೆಗೆಯದೆ ಟೈಮು ನೋಡಲು ನೀನು ವಾಚು ಕಟ್ಟುತ್ತಿದ್ದದ್ದೂ ಹೀಗೇ. ಮೇಲೇರುವಾಗ ನನ್ನ ಎರಡು ಕೈಗೂ ಕೆಲಸವಿತ್ತು: ಒಂದು ಹಗ್ಗ ಹಿಡಿದಿತ್ತು, ಇನ್ನೊಂದು ಜಾಕೆಟ್ಟಿನ ಗಾಳಿ ಬಿಡುತ್ತಿತ್ತು. ಹಗ್ಗ ಹಿಡಿದ ಕೈಯಲ್ಲೇ ಅಂಕಿ ಕಂಡು ನೆಮ್ಮದಿಯಾಯಿತು.

ಅವತ್ತು ಕಾಲೇಜಿನ ಗೇಟಿನಲ್ಲಿ, ಗೆಳತಿಯರ ಮುಂದೆ, "ಅಪ್ಪಾ, ವಾಚ್ ಸರಿಯಾಗ್ ಕಟ್ಕೋ," ಅಂದಿದ್ದೆ. ನೀನು ಅಲ್ಲೇ ತಿರುಗಿಸಿಕೊಂಡಿದ್ದೆ.

ದೋಣಿಯಲ್ಲಿ ಮೇಷ್ಟ್ರು ಮತ್ತೆ ನಕ್ಕರು. ನಾನು ತಿರುಗಿಸಿಕೊಳ್ಳಲಿಲ್ಲ.