ನಲವತ್ತೊಂದನೇ ಪುಟದ ಕೈ

ದಿನಾಂಕ: ೧೯ ಜುಲೈ, ಭಾನುವಾರ

ಪ್ರೀತಿಯ ತಮ್ಮ,

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ನಮ್ಮ ಮನೆತನದಲ್ಲಿ ಯಾರು ತಾನೇ ಕೇಳಿದ್ದಾರೆ! ನಿನ್ನ ಕಚೇರಿಯಿಂದ ಪುಸ್ತಕದ ಕರಡು ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರಪಟ್ಟುಕೊಳ್ಳಬೇಡ. ಕಣ್ಣು ಮಂಜಾಗಿದೆ ಎಂದು ನೆಪ ಹೇಳಬಹುದಿತ್ತು. ನಿಜ ಏನೆಂದರೆ, ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಬರೀ ಬೈಗುಳವೇ ಬಂತು, ಹರಿದು ಹಾಕಿದೆ. ಇದು ನಾಲ್ಕನೆಯದು. ಇದರಲ್ಲೂ ಬೈಗುಳವಿದೆ, ಆದರೆ ನಡುನಡುವೆ ವಿಷಯವೂ ಇದೆ.

ಪತ್ರಿಕೆಗೆ ಎಂಬತ್ತು ವರ್ಷ ತುಂಬುವಾಗ ಮನೆತನದ ಚರಿತ್ರೆಯನ್ನು ಫೋಟೋಗಳ ಸಮೇತ ತರಬೇಕೆಂದು ನೀನು ಹೊರಟದ್ದು ಒಳ್ಳೆಯದೇ. ಕಾಗದ ಚೆನ್ನಾಗಿದೆ, ಅಚ್ಚು ಚೆನ್ನಾಗಿದೆ. ತಾತ ಮೊದಲ ಮುದ್ರಣ ಯಂತ್ರದ ಪಕ್ಕದಲ್ಲಿ, ಕುಸ್ತಿ ಗೆದ್ದವರ ಹಾಗೆ ತೋಳು ಕಟ್ಟಿ ನಿಂತಿರುವ ಫೋಟೋ ನೋಡಿ ಒಬ್ಬಳೇ ನಕ್ಕೆ. ಇಡೀ ಮುಖಕ್ಕೆ ಶಾಯಿ, ಕಾಲರ್ ಮಾತ್ರ ಬೆಳ್ಳಗೆ. ನಲವತ್ತು ಪುಟದವರೆಗೆ ನಾನು ಕೆಂಪು ಪೆನ್ಸಿಲ್ ಮುಟ್ಟಲಿಲ್ಲ. ಮೂವತ್ತೊಂದು ವರ್ಷ ಅದೇ ಪತ್ರಿಕೆಯ ಚಿತ್ರ ವಿಭಾಗದಲ್ಲಿ ಆ ಪೆನ್ಸಿಲ್ ಹಿಡಿದವಳು ನಾನು. ಮುಟ್ಟಲಿಲ್ಲ ಎಂದರೆ ಮೆಚ್ಚಿದೆ ಎಂದೇ ಅರ್ಥ.

ನಲವತ್ತೊಂದನೇ ಪುಟಕ್ಕೆ ಬಂದೆ. ಮುಷ್ಕರದ ವರ್ಷದ ಫೋಟೋ. ಕಚೇರಿಯ ಮೆಟ್ಟಿಲ ಮೇಲೆ ಅಪ್ಪ, ಅತ್ತೆ, ನಾನು, ಅರ್ಧ ಚಡ್ಡಿಯಲ್ಲಿ ನೀನು, ಬಲತುದಿಯಲ್ಲಿ ಅಮ್ಮ. ಅಮ್ಮನ ತೋಳಿನ ಮೇಲೆ ಒಂದು ಕೈ, ಮಣಿಕಟ್ಟಿನವರೆಗೆ ಮಾತ್ರ. ಕೆಳಗೆ ನಿಮ್ಮ ಅಡಿಬರಹ: "ಬಲತುದಿಯಲ್ಲಿ ಕಾಣುವ ಕೈ ಮನೆಗೆಲಸದಾಕೆಯದು."

ಮನೆಗೆಲಸದಾಕೆಯದು!

ಅದು ನಿನ್ನ ಚಿಕ್ಕಕ್ಕನ ಕೈ ಕಣೋ. ನಾವಿಬ್ಬರೂ ಅವಳನ್ನು ಚಿಕ್ಕಿ ಎಂದೇ ಕರೆದದ್ದು ಹೆಚ್ಚು. ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಆ ಕಟ್ಟಡದ ಮೂರು ಅಂತಸ್ತು ಹತ್ತಿ ಇಳಿದ ಕೈ. ನೀನು ಲೆಕ್ಕದಲ್ಲಿ ಸೊನ್ನೆ ತಂದಾಗ ಅಪ್ಪನ ಸಹಿ ಹಾಕಿಕೊಟ್ಟ ಕೈ. ಆ ಕಿರುಬೆರಳು ಸ್ವಲ್ಪ ಸೊಟ್ಟ. ನೀನೇ ಬಾಗಿಲಿಗೆ ಸಿಕ್ಕಿಸಿದ್ದು. ಮನೆಗೆಲಸದಾಕೆಯ ಕೈಯಾಗಿದ್ದರೂ ನಾಚಿಕೆಪಡಬೇಕಿರಲಿಲ್ಲ, ಅವಳ ಹೆಸರನ್ನಾದರೂ ನೀನು ಕೇಳಿ ಬರೆಯುತ್ತಿದ್ದೆ ಅಂದುಕೊಳ್ಳುತ್ತೇನೆ.

ಸಿಟ್ಟು ತಡೆಯದೆ ಹೋದ ವಾರ ಫೋನ್ ಮಾಡಿದೆನಲ್ಲ, ಆಗ ನೀನು ಏನು ಹೇಳಿದೆ? "ಅಕ್ಕಾ, ಅದನ್ನ ಬರೆದಿದ್ದು ಹೊಸಬ್ರು, ಅವ್ರಿಗೇನ್ ಗೊತ್ತು? ಹಳೇದನ್ನೆಲ್ಲ ಯಾಕೆ ಕೆದಕ್ತೀಯ? ಅಪ್ಪ ಎಂಥ ಕಲ್ಲೆದೆಯೋರು ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

ಹೊಸಬರಿಗೆ ಗೊತ್ತಿಲ್ಲ ಸರಿ. ಮೊದಲ ಓದಿಗೆ ನನ್ನ ಕಣ್ಣು ತಪ್ಪಿಸಿದ ಒಂಬತ್ತನೇ ಪುಟದಲ್ಲಿ "ಎರಡನೆಯ ಸಂಪಾದಕರಿಗೆ ಇಬ್ಬರು ಮಕ್ಕಳು" ಎಂದು ಬರೆದವರು ಯಾರು? ಅದರ ಕೆಳಗೆ ನಿನ್ನದೇ ಸಹಿ ಇದೆ. ಊರಿಗೆಲ್ಲ ನಿಜ ಹೇಳುತ್ತೇವೆ ಎಂದು ದಿನಾ ಮುಖಪುಟದ ನೆತ್ತಿಯ ಮೇಲೆ ಅಚ್ಚು ಹಾಕುವವನಿಗೆ, ಸ್ವಂತ ಮನೆಯ ಮಕ್ಕಳನ್ನು ಎಣಿಸಲು ಬರುವುದಿಲ್ಲವೇ?

ಆಗ ನಿನಗೆ ಹದಿಮೂರು. ನಿನಗೆ ನೆನಪಿರುವುದು ಅರ್ಧಂಬರ್ಧ. ಕೇಳು.

ಪತ್ರಿಕೆ ಹುಟ್ಟಿದ ದಿನ ಪ್ರತಿವರ್ಷ ಮನೆಯವರೆಲ್ಲ ಮೆಟ್ಟಿಲ ಮೇಲೆ ನಿಲ್ಲಬೇಕು, ಆ ಫೋಟೋ ಮಾರನೆಯ ದಿನ ಮುಖಪುಟದಲ್ಲಿ ಬರಬೇಕು. ಇದು ತಾತ ಮಾಡಿದ ಪದ್ಧತಿ. ಜೊತೆಗೆ ಅವರದೇ ಎರಡು ಕಟ್ಟಳೆ. ಫೋಟೋ ನಾಲ್ಕು ಕಾಲಂ ಅಗಲ ಮೀರಕೂಡದು. ಮುಖಗಳು ಹೆಬ್ಬೆರಳಿನ ಉಗುರಿಗಿಂತ ಸಣ್ಣದಾಗಕೂಡದು, ಓದುಗರು ಕನ್ನಡಕ ಒರೆಸಿಕೊಂಡು ಬೈಯುತ್ತಾರೆ. ತಾತನಿಗೆ ಇದ್ದದ್ದು ಐದು ಜನರ ಸಂಸಾರ, ಸರಿಹೋಗುತ್ತಿತ್ತು. ಸಂಸಾರ ಬೆಳೆಯಿತು, ಕಾಲಂ ಬೆಳೆಯಲಿಲ್ಲ. ಅಂಚಿನಲ್ಲಿ ನಿಂತವರಿಗೆ ಕತ್ತರಿ. ಅದಕ್ಕೇ ಅತ್ತೆ ಬೆಳಗ್ಗೆ ಎಂಟಕ್ಕೇ ಬಂದು ನಡುವಿನ ಮೆಟ್ಟಿಲ ಮೇಲೆ ಸೀರೆ ಹರವಿ ಕೂರುತ್ತಿದ್ದದ್ದು. ಚಿಕ್ಕಪ್ಪ ಒಂದು ವರ್ಷ ಬರೀ ಒಂದು ಕಿವಿಯಾಗಿ ಅಚ್ಚಾಗಿದ್ದರು, ನೆನಪಿದೆಯಾ? ವರ್ಷವಿಡೀ ಅವರ ಸ್ನೇಹಿತರು "ಏನ್ ಕಿವಿಯಪ್ಪ" ಎಂದೇ ಮಾತಾಡಿಸಿದರು. ನಾವು ನಗುತ್ತಿದ್ದೆವು. ನಗುವ ವಿಷಯವೇ ಆಗಿತ್ತು, ಆ ವರ್ಷದವರೆಗೆ.

ಆ ವರ್ಷ ಹೊಸ ಯಂತ್ರ ಬಂತು, ಅಚ್ಚುಮೊಳೆ ಜೋಡಿಸುವವರಲ್ಲಿ ಅರ್ಧ ಜನ ಬೇಡ ಎಂದರು ಅಪ್ಪ. ಅವರು ಮುಷ್ಕರ ಕೂತರು. ಕರಡು ತಿದ್ದುತ್ತಿದ್ದ ಚಿಕ್ಕಿ ಮೂರನೇ ದಿನ ಮೇಜಿನಿಂದ ಎದ್ದು ಹೋಗಿ ಅವರ ಜೊತೆ ಮೆಟ್ಟಿಲ ಮೇಲೆ ಕೂತಳು. ಸಂಪಾದಕರ ಮಗಳು! ಅಪ್ಪ ಮನೆಯಲ್ಲಿ ಮಾತು ಬಿಟ್ಟರು. ಅವಳು ಗೆಳತಿಯ ಕೋಣೆಗೆ ಹೋಗಿ ಸೇರಿಕೊಂಡಳು. ಹನ್ನೊಂದು ದಿನ ಹಾಗೇ ಕಳೆಯಿತು.

ಪತ್ರಿಕೆ ಹುಟ್ಟಿದ ದಿನ ಬಂತು. ಎಲ್ಲರೂ ನಿಂತಾಗಿತ್ತು. ಪ್ರತಿ ಸಲ "ಇನ್ನೊಂದು, ಇನ್ನೊಂದು" ಎಂದು ಕಾಡಿ ಅದನ್ನೇ ಅಡ್ಡಹೆಸರಾಗಿ ಪಡೆದಿದ್ದ ನಮ್ಮ ಫೋಟೋಗ್ರಾಫರ್ ಇನ್ನೊಂದು ಮಾಮ ಕ್ಯಾಮೆರಾ ಹಿಂದೆ ಬಗ್ಗಿದ್ದರು. ಆಗ ಅವಳು ಬಂದಳು. ಯಾರೂ ಕರೆದಿರಲಿಲ್ಲ. ಅಮ್ಮನ ಪಕ್ಕ ನಿಂತು ತೋಳು ಹಿಡಿದುಕೊಂಡಳು. ಅಪ್ಪ ತಿರುಗಿ ನೋಡಿದರು. "ಇನ್ನೊಂದು" ಎಂದರು ಮಾಮ. ಫೋಟೋ ಮುಗಿದ ಮೇಲೆ ಅವಳು ನನ್ನ ಹತ್ತಿರ ಬಂದು, "ಸೋತು ಬಂದಿಲ್ಲ ಅಕ್ಕ. ಜಗಳ ಅಲ್ಲಿ ಆಡ್ತೀನಿ, ಮನೆಗೆ ಮಗಳಾಗಿ ಬರ್ತೀನಿ. ಅಪ್ಪ ಒಪ್ತಾರೋ ಇಲ್ವೋ ನಾಳೆ ಪೇಪರ್ ನೋಡಿ ತಿಳ್ಕೋತೀನಿ" ಎಂದು ನಕ್ಕಳು. ನಮ್ಮ ಮನೆಯವರಷ್ಟೇ ಆಡಬಲ್ಲ ಮಾತು ಅದು. ಬೇರೆಯವರು ಬಾಗಿಲು ತಟ್ಟಿ ಕೇಳುತ್ತಾರೆ.

ಮಾರನೆಯ ದಿನದ ಪತ್ರಿಕೆ ನಿನ್ನ ನಲವತ್ತೊಂದನೇ ಪುಟದಲ್ಲಿದೆ. ಅಪ್ಪ ಹೇಳಿದರು, ನಾನು ಫೋಟೋದ ಮೇಲೆ ಕತ್ತರಿಯ ಗೆರೆ ಎಳೆದೆ. ಇಷ್ಟು ವರ್ಷವೂ ನಿನಗೆ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ. ಚಿಕ್ಕಿ ಪತ್ರಿಕೆ ಹಿಡಿದುಕೊಂಡು ಗೇಟಿನವರೆಗೆ ಬಂದಳು. "ಉತ್ತರ ಕೊಟ್ರಲ್ಲ ಅಕ್ಕ, ಮುಖಪುಟದಲ್ಲೇ," ಎಂದಳು. ಒಳಗೆ ಕಾಲಿಡಲಿಲ್ಲ. ಮತ್ತೆ ಎಂದೂ ಇಡಲಿಲ್ಲ. ಮುಷ್ಕರಕ್ಕೆ ಕೂತವರಲ್ಲೇ ಒಬ್ಬನನ್ನು ಮದುವೆಯಾದಳು, ಸಣ್ಣ ಶಾಲೆಯೊಂದರಲ್ಲಿ ಪಾಠ ಮಾಡಿದಳು, ಮಗಳನ್ನು ಬೆಳೆಸಿದಳು. ಅಪ್ಪ ತೀರಿಕೊಂಡಾಗ ರಸ್ತೆಯ ಆಚೆ ಬದಿ ನಿಂತು ನೋಡಿ ಹೋದಳು.

ಹೋದ ವರ್ಷ ಅವಳೂ ಹೋದಳು. ನಿನ್ನ ಪತ್ರಿಕೆಯಲ್ಲಿ ಅವಳಿಗೆ ಸಿಕ್ಕಿದ್ದು ಆರನೇ ಪುಟದಲ್ಲಿ ಮೂರು ಸಾಲು, ಫೋಟೋ ಇಲ್ಲ. ಎಲ್ಲಿಂದ ಬರಬೇಕು? ಕಚೇರಿಯ ಹಳೆಯ ನೆಗೆಟಿವ್‌ಗಳನ್ನೆಲ್ಲ ಜಾಗ ಸಾಲದು ಎಂದು ರದ್ದಿಯವನಿಗೆ ಎತ್ತಿಹಾಕಿಸಿದವನು ನೀನು. ಅಪ್ಪ ಕತ್ತರಿಸಿದ್ದು ಒಂದು ಫೋಟೋ. ನೀನು ಗೋಣಿಚೀಲಗಟ್ಟಲೆ ಕತ್ತರಿಸಿದೆ. ಈಗ ಎಲ್ಲವನ್ನೂ ಸತ್ತವರ ತಲೆಗೆ ಕಟ್ಟಿ ಕೈ ತೊಳೆದುಕೊಂಡರೆ ಆಯಿತೇ?

ಹೋದ ತಿಂಗಳು ಅವಳ ಮಗಳು ನನ್ನ ಮನೆಗೆ ಬಂದಿದ್ದಳು. ನರ್ಸ್ ಕೆಲಸ, ಪಾಳಿ ಮುಗಿಸಿ ನೇರ ಬಂದಿದ್ದಳು, ಕಣ್ಣು ಕೆಂಪಗಿತ್ತು. "ದೊಡ್ಡಮ್ಮಾ, ಅಮ್ಮ ಮದುವೆಗೆ ಮುಂಚೆ ಹೇಗಿದ್ರು ಅಂತ ನಾನು ನೋಡೇ ಇಲ್ಲ. ನಮ್ಮನೇಲಿ ಒಂದೂ ಫೋಟೋ ಇಲ್ಲ. ಪೇಪರ್ ಇರೋ ಮನೇಲಿ ಒಂದಾದ್ರೂ ಇರಲ್ವಾ?" ಎಂದು ಕೇಳಿದಳು. ಹುಡುಕುತ್ತೇನೆ ಎಂದೆ.

ಮಂಡಿ ಎಳೆದುಕೊಂಡು ಇನ್ನೊಂದು ಮಾಮನ ಮನೆ ಹುಡುಕಿ ಹೋದೆ. ತೊಂಬತ್ತರ ಹತ್ತಿರ ಬಂದಿದ್ದಾರೆ, ಕಿವಿ ಕೇಳಿಸುವುದಿಲ್ಲ. ನೀನು ರದ್ದಿಗೆ ಹಾಕಿಸಿದ ದಿನ ಅವರು ಪತ್ರಿಕೆಯ ಹುಟ್ಟಿದ ದಿನದ ನೆಗೆಟಿವ್‌ಗಳನ್ನು ಮಾತ್ರ ಆರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಮನೆಗೆ ಒಯ್ದಿದ್ದರಂತೆ. "ನಿಮ್ ತಮ್ಮಂಗೆ ಹೇಳ್ಬೇಡಮ್ಮ, ಕಳ್ಳ ಅಂತಾನೆ" ಎಂದರು. ಕಳ್ಳ ಯಾರು ಎಂದು ನನಗೆ ಗೊತ್ತು, ಹೇಳಲಿಲ್ಲ.

ಡಬ್ಬಿಯಲ್ಲಿದ್ದ ಮುಷ್ಕರದ ವರ್ಷದ ಫೋಟೋವನ್ನು ಪೂರ್ತಿಯಾಗಿ ಎರಡು ಪ್ರತಿ ಮಾಡಿಸಿದೆ. ಒಂದು ಅವಳ ಮಗಳಿಗೆ ಕೊಟ್ಟೆ. ಇನ್ನೊಂದು ಇದರ ಜೊತೆ ಇದೆ. ಚೆನ್ನಾಗಿ ನೋಡು. ಚಿಕ್ಕಿಯ ಜಡೆ ಮುಂದಕ್ಕೆ ಬಿದ್ದಿದೆ, ಬೆರಳಲ್ಲಿ ಶಾಯಿ ಇದೆ, ನಗು ಬಾಯಲ್ಲಿ ತಡೆಹಿಡಿದುಕೊಂಡಿದ್ದಾಳೆ.

ಈಗ ನಾನು ಹೇಳುವ ಹಾಗೆ ಮಾಡು. ನಲವತ್ತೊಂದನೇ ಪುಟ ಕಿತ್ತುಹಾಕಿ ಈ ಫೋಟೋವನ್ನು ಪುಟದ ಪೂರ್ತಿ ಅಗಲಕ್ಕೆ ಹಾಕು. ಒಂಬತ್ತನೇ ಪುಟದಲ್ಲಿ ಮೂವರು ಮಕ್ಕಳು ಎಂದು ಬರೆ. ಬಿಡುಗಡೆಯ ದಿನ ಅವಳ ಮಗಳನ್ನು ಮೊದಲ ಸಾಲಿನಲ್ಲಿ ಕೂರಿಸು. ಇದಿಷ್ಟೂ ಆಗದಿದ್ದರೆ ನಾನು ಬರುವುದಿಲ್ಲ. ಮುನ್ನುಡಿಯಲ್ಲಿ "ಚಿತ್ರಗಳನ್ನು ಕಾಪಾಡಿದ ಹಿರಿಯಕ್ಕನಿಗೆ" ಎಂದು ಕೃತಜ್ಞತೆ ಹೇಳಿದ್ದೀಯಲ್ಲ, ಅದನ್ನೂ ತೆಗೆದುಬಿಡು. ಕಾಪಾಡಿದವರು ಇನ್ನೊಂದು ಮಾಮ.

ಬೈದೆ ಎಂದು ಬೇಜಾರು ಮಾಡಿಕೊಳ್ಳಬೇಡ. ಬೈಯಲು ನನಗೆ ಉಳಿದಿರುವವನು ನೀನೊಬ್ಬನೇ. ರಕ್ತದೊತ್ತಡದ ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೋ. ನೀನು, ನಿನ್ನ ಹೆಂಡತಿ, ಮಕ್ಕಳು ನೂರು ಕಾಲ ಸುಖವಾಗಿರಿ.

ನಿನ್ನ
ದೊಡ್ಡಕ್ಕ

ಮರೆತ ಮಾತು:

ಮರೆತದ್ದಲ್ಲ. ಅಪ್ಪ ಹೇಳಲಿಲ್ಲ. ಆ ದಿನ ಮೆಟ್ಟಿಲಿಳಿದವರೇ ಮುಷ್ಕರದ ಮಾತುಕತೆಗೆ ಹೋಗಿದ್ದರು, ಅಚ್ಚಿಗೆ ಹೋಗುವ ಫೋಟೋವನ್ನೇ ನೋಡಿರಲಿಲ್ಲ. ಗೆರೆ ನಾನೇ ಎಳೆದೆ. ಈಗ ನಿನ್ನ ಕೈಯಲ್ಲಿರುವ ಫೋಟೋದ ಎಡಗಡೆ ನೋಡು, ಬರೀ ಕಂಬ. ಕಂಬ ಕತ್ತರಿಸಿದ್ದರೆ ಅವಳು ನಾಲ್ಕು ಕಾಲಂಗೆ ಹಿಡಿಸುತ್ತಿದ್ದಳು. ಹಿಂದಿನ ವಾರ ಅವಳು ನನ್ನನ್ನು ಎಲ್ಲರೆದುರು "ಅಪ್ಪನ ಬಾಲ" ಎಂದಿದ್ದಳು. ಅದೂ ದೊಡ್ಡದಲ್ಲ. ಅವಳು ಬಂದು ನಿಂತಾಗ ಅಪ್ಪನ ಮುಖ ಅರಳಿದ್ದನ್ನು ನಾನು ಕಂಡೆ. ಅವರ ಮಗ್ಗುಲಲ್ಲೇ ಐದು ವರ್ಷ ದುಡಿದಿದ್ದೆ, ನನಗೆ ಆ ಮುಖ ಒಂದು ದಿನವೂ ತೋರಿಸಿರಲಿಲ್ಲ.

ಬೆಳಗ್ಗೆ ಪತ್ರಿಕೆ ಬಿಡಿಸಿ, "ಚಿಕ್ಕವಳೆಲ್ಲಿ?" ಎಂದರು. "ಹಿಡಿಸ್ಲಿಲ್ಲ ಅಪ್ಪ" ಎಂದೆ. "ಅಯ್ಯೋ, ಅವಳು ಬೇಜಾರು ಮಾಡ್ಕೋತಾಳೆ. ಹೋಗಿ ಹೇಳ್ಬಿಟ್ಟು ಬಾ, ಊಟಕ್ಕೆ ಕರ್ಕೊಂಡು ಬಾ" ಎಂದರು. ನಾನು ಹೋಗಲಿಲ್ಲ. ಸಂಜೆ ಕೇಳಿದಾಗ, "ಕರೆದೆ, ಬರಲ್ಲ ಅಂದ್ಲು" ಎಂದೆ. ಅವರು ಮತ್ತೆ ಕೇಳಲಿಲ್ಲ. ನೀನು ಇಷ್ಟು ವರ್ಷ ಅವರನ್ನು ಕಲ್ಲೆದೆಯವರು ಎನ್ನುವಾಗಲೂ ನಾನು ಸುಮ್ಮನಿದ್ದೆ.

ಅವಳ ಮಗಳು ಫೋಟೋ ತೆಗೆದುಕೊಂಡು ಹೊರಡುವಾಗ ನನ್ನನ್ನು ತಬ್ಬಿಕೊಂಡಳು. "ಆ ಮನೇಲಿ ನಮ್ಮಮ್ಮನ ಪರ ಇದ್ದೋರು ನೀವೊಬ್ರೇ ಅಲ್ವಾ ದೊಡ್ಡಮ್ಮ?" ಎಂದಳು.

ನಾನು ಹೂಂ ಎಂದೆ.