ಮಧುರಾಳ ಒಂದೇ ಮಾತು

ಜುಲೈ 7, ಸೋಮವಾರ. ಮಧ್ಯಾಹ್ನ 2.20

ಹದಿನಾಲ್ಕು. ಬೆಳಿಗ್ಗೆಯಿಂದ ಹದಿನಾಲ್ಕು ಸಲ ‘ಬ್ಯಾಡ್’ ಅಂದಿದ್ದಾಳೆ ಮಧುರಾ. ಮಣಿ ಪೋಣಿಸೋಣ ಅಂದರೆ ಬ್ಯಾಡ್. ಪಕ್ಕದಲ್ಲಿ ಶಶಾಂಕ್ ಕೂತರೆ ಬ್ಯಾಡ್. ನನ್ನ ಮುಖ ನೋಡಿಯೂ ಬ್ಯಾಡ್. ಏಳು ವರ್ಷದ ಹುಡುಗಿ. ಆಟಿಸಂ. ಇರುವುದೇ ಒಂದು ಮಾತು, ಅದೂ ಎದುರಿನವರನ್ನು ಕೆಟ್ಟವರು ಅನ್ನುವುದು.

ಫೈಲ್ ಮತ್ತೆ ತೆಗೆದು ನೋಡಿದೆ. ಮಧುರಾ ಪಾಟೀಲ, ಎರಡನೇ ಕ್ಲಾಸ್, ಮಾತೃಭಾಷೆ ಮರಾಠಿ. ಮನೆ ನಾಸಿಕ್ ರೋಡ್. ತಂದೆ ರವಿಕಾಂತ ಸಂಭಾಜಿನಗರದ ಚಿಕಲಠಾಣಾದಲ್ಲಿ ಫ್ಯಾಕ್ಟರಿ ಕೆಲಸ, ಭಾನುವಾರ ಬಂದು ಹೋಗುತ್ತಾರೆ. ಆಗಸ್ಟ್ 23ಕ್ಕೆ ಅಲ್ಲೇ ಸೈಕಾಲಜಿಸ್ಟ್ ಹತ್ತಿರ ಅಸೆಸ್‌ಮೆಂಟ್. ಅವರು ‘ಈ ಶಾಲೆಗೆ ಸರಿಹೋಗುವುದಿಲ್ಲ’ ಎಂದು ಬರೆದರೆ ಮಧುರಾಳನ್ನು ಅಲ್ಲಿನ ಡೇ ಸೆಂಟರಿಗೆ ಕಳಿಸುತ್ತಾರೆ. ಆಮೇಲೆ ಮಾಮೂಲಿ ಶಾಲೆಯ ಮೆಟ್ಟಿಲು ಹತ್ತುವ ಮಾತೇ ಇಲ್ಲ. ಅಂಥ ಮಕ್ಕಳನ್ನು ನೋಡಿದ್ದೇನೆ.

ಈ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಇಂಥ ಮಕ್ಕಳ ಟೀಚರಾಗಿ ಹನ್ನೊಂದು ವರ್ಷದ ಸರ್ವಿಸ್ ನನ್ನದು. ನನ್ನ ಕೋಣೆಯಿಂದ ಒಂದು ಮಗುವೂ ಹಾಗೆ ಹೋಗಿಲ್ಲ. ಇವಳೂ ಹೋಗಬಾರದು.

ಜುಲೈ 18, ಶುಕ್ರವಾರ

ಏಳು! ಅರ್ಧಕ್ಕೆ ಅರ್ಧ ಇಳಿದಿದೆ.

ಚಾರ್ಟ್ ಕೆಲಸ ಮಾಡುತ್ತಿದೆ. ಬ್ಯಾಡ್ ಅನ್ನದೆ ಒಂದು ಪಾಠ ಮುಗಿಸಿದರೆ ಒಂದು ಸ್ಟಾರ್. ಬ್ಯಾಡ್ ಅಂದರೆ ನಾನು ಕೇಳಿಸಿಕೊಳ್ಳುವುದಿಲ್ಲ, ಮಣಿಯನ್ನು ಮತ್ತೆ ಮುಂದಿಡುತ್ತೇನೆ. “ಸೇ ಗುಡ್, ಮಧುರಾ.” ಸ್ಟಾಫ್ ಮೀಟಿಂಗಿನಲ್ಲಿ ಹೆಡ್ ಮ್ಯಾಡಮ್ ನನ್ನ ಚಾರ್ಟ್ ಎತ್ತಿ ತೋರಿಸಿದರು. ವನಜಾ ಟೀಚರನ್ನು ನೋಡಿ ಕಲಿಯಿರಿ ಅಂದರು. ಹೊರಗೆ ತಲೆ ತಗ್ಗಿಸಿಕೊಂಡೆ. ಒಳಗೆ ಕಾಲು ನೆಲದ ಮೇಲಿರಲಿಲ್ಲ.

ಜುಲೈ 24, ಗುರುವಾರ. ಮಧ್ಯಾಹ್ನ 3.40

ಮೂರು.

ಆದರೆ... ಎಡ ಮಣಿಕಟ್ಟು ಕಚ್ಚಿಕೊಳ್ಳುತ್ತಿದ್ದಾಳೆ. ಇವತ್ತು ನಾಲ್ಕು ಸಲ. ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು. ಮಣಿ ಮುಂದಿಡುತ್ತೇನೆ, ನನ್ನನ್ನು ನೋಡುತ್ತಾಳೆ, ತುಟಿ ಆಡಿಸುತ್ತಾಳೆ, ಮಾತು ಬರುವುದಿಲ್ಲ, ಕೈ ಬಾಯಿಗೆ ಹೋಗುತ್ತದೆ.

ಅಸೆಸ್‌ಮೆಂಟಿಗೆ ರಿಪೋರ್ಟ್ ಕಳಿಸುವ ಕೊನೆಯ ದಿನ. ‘ಬೈಯುವುದು ಹತೋಟಿಗೆ ಬಂದಿದೆ. ಸ್ವಂತ ಕೈ ಕಚ್ಚಿಕೊಳ್ಳುವ ಹೊಸ ಅಭ್ಯಾಸ ಕಂಡಿದೆ.’ ಬರೆದು ಸಹಿ ಹಾಕಿದೆ. ಹೊಸ ಅಭ್ಯಾಸ ಎಲ್ಲಿಂದ ಬಂತು ಎಂದು ಬರೆಯಲಿಲ್ಲ. ಗೊತ್ತಿದ್ದರೆ ತಾನೆ.

ಆಗಸ್ಟ್ 1, ಶುಕ್ರವಾರ. ಸಂಜೆ 5

ಇದನ್ನು ಇವತ್ತೇ ಬರೆಯಬೇಕು.

ಮಧುರಾಳ ತಾಯಿಗೆ ಜ್ವರ. ಮನೆಗೆ ಕರೆದೊಯ್ಯಲು ಅಜ್ಜಿ ಆಟೋದಲ್ಲಿ ಬಂದಿದ್ದರು. ಮೊದಲ ಸಲ ನೋಡಿದ್ದು. ಹಣೆಗೆ ವಿಭೂತಿ, ಇಳಕಲ್ ಸೀರೆ. ಗೇಟಿನ ಹತ್ತಿರ ಮೊಮ್ಮಗಳಿಗೆ ರೇನ್‌ಕೋಟ್ ತೊಡಿಸಲು ಹೋದರು.

“ಬ್ಯಾಡ್,” ಅಂದಳು ಮಧುರಾ.

ನಾನು ರೂಢಿಯಂತೆ “ಸೇ ಗುಡ್” ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಜ್ಜಿ, “ಬ್ಯಾಡಾ? ಬ್ಯಾಡಂದ್ರ ಬಿಡವ್ವಾ. ಮಳಿ ಎಲ್ಲಿ ಅದ ಈಗ,” ಎಂದು ರೇನ್‌ಕೋಟ್ ಮಡಚಿ ಚೀಲಕ್ಕೆ ಹಾಕಿಕೊಂಡರು. ಮಧುರಾ ಅವರ ಸೊಂಟಕ್ಕೆ ತಲೆ ಆನಿಸಿ ನಿಂತಳು. ಅಷ್ಟು ಶಾಂತವಾಗಿ ಅವಳು ನನ್ನ ಕೋಣೆಯಲ್ಲಿ ಒಂದು ದಿನವೂ ನಿಂತಿಲ್ಲ.

ಬ್ಯಾಡ. ಬೇಡ.

“ಅಜ್ಜಿ, ನೀವು ಕನ್ನಡದವರಾ?”

ಅವರಿಗೆ ನನಗಿಂತ ಹೆಚ್ಚು ಗಾಬರಿ. “ಅಯ್ಯ, ನಿಮಗ ಕನ್ನಡ ಬರ್ತದೇನ್ರಿ ಬಾಯಿ?” ಇಲ್ಲಿ ಟೀಚರಿಗೆ ಬಾಯಿ ಅನ್ನುತ್ತಾರೆ, ಅಜ್ಜಿಯೂ ಕಲಿತಿದ್ದಾರೆ. ಭಾಗವ್ವ ಅಂತೆ ಹೆಸರು. ಭಾಲ್ಕಿ ಕಡೆಯವರು.

“ಪಾಟೀಲ ಅಂತ ಇತ್ತಲ್ಲಾ, ಮರಾಠಿಯವರು ಅಂದ್ಕೊಂಡೆ.”

“ಪಾಟೀಲ್ರು ನಮ್ಮ ಕಡೀನೂ ಅದಾರ್ರಿ. ಕೂಸಿನ ಮುಂದ ಒಂದೇ ಭಾಷಾ ಮಾತಾಡ್ರಿ ಅಂತ ಯಾರೋ ಡಾಕ್ಟರ್ ಹೇಳ್ಯಾರಂತ. ಮಗ ಸೊಸಿ ಮರಾಠಿ ಮಾತಾಡ್ತಾರ. ನನಗ ಬರಂಗಿಲ್ಲ, ನಾ ಬಾಯಿ ಮುಚ್ಕೊಂಡು ಕುಂಡ್ರತೀನಿ. ಆದ್ರ ಇದೊಂದು ಮಾತು ನನ್ನ ಕಡಿಂದ ಕಲ್ತಾಳ ನೋಡ್ರಿ. ತಪ್ಪಾತೇನ್ರಿ?”

ಇಲ್ಲ ಅಜ್ಜಿ, ನಿಮ್ಮದಲ್ಲ ತಪ್ಪು ಅಂದೆ. ಆಟೋ ಹೋಯಿತು. ನಾನು ಗೇಟಿನಲ್ಲೇ ನಿಂತಿದ್ದೆ.

ತುಮಕೂರಿನ ನಮ್ಮ ಅಜ್ಜಿಯೂ ಬ್ಯಾಡ ಅಂತಲೇ ಅನ್ನುತ್ತಿದ್ದಳು. ಈ ಕಿವಿ ಅದನ್ನು ಕೇಳಿಯೇ ಬೆಳೆದದ್ದು. ಇಂಗ್ಲಿಷ್ ಮೀಡಿಯಂ ಗೋಡೆಗಳ ಮಧ್ಯೆ ಕೂತು ಅದೇ ಮಾತನ್ನು ಬೈಗುಳ ಅಂದುಕೊಂಡೆ. ಮಗು ನನಗೆ ಬೇಡ, ನನಗೆ ಬೇಡ ಎಂದು ನಾಲ್ಕು ವಾರ ಹೇಳಿತು. ನಾನು ಎಣಿಸುತ್ತಾ ಕೂತೆ.

ಆಗಸ್ಟ್ 2, ಶನಿವಾರ. ಬೆಳಿಗ್ಗೆ

ತಿಂಡಿ ಹೊತ್ತಿಗೆ ಗಂಡ ರಘುಗೆ ಹೇಳಿದೆ. ಮೊದಲು ನಕ್ಕರು. ಆಮೇಲೆ ತಟ್ಟೆ ಸರಿಸಿ, “ಅಂದ್ರೆ ಮಗು ಹತ್ರ ಇದ್ದ ಒಂದು ಮಾತನ್ನೂ ಸ್ಟಾರ್ ಕೊಟ್ಟು ಕಿತ್ಕೊಂಡೆ,” ಅಂದರು.

ಓಝರ್ ಫ್ಯಾಕ್ಟರಿಯಲ್ಲಿ ವಿಮಾನದ ಬೋಲ್ಟ್ ಪರೀಕ್ಷಿಸುವ ಮನುಷ್ಯ. ಸಡಿಲ ಎಲ್ಲಿದೆ ಅಂತ ಒಂದೇ ಸಲಕ್ಕೆ ಹಿಡಿಯುತ್ತಾರೆ. ಸಿಟ್ಟು ಬಂತು, ಅಳು ಬಂತು.

ಆಗಸ್ಟ್ 4, ಸೋಮವಾರ

ಚಾರ್ಟ್ ಹರಿದು ಹಾಕಿದೆ.

ಹೆಡ್ ಮ್ಯಾಡಮ್‌ಗೆ ಹೇಳಿದೆ, ಆ ರಿಪೋರ್ಟ್ ತಪ್ಪು, ವಾಪಸ್ ತರಿಸಿ. “ಜಾಊ ದ್ಯಾ, ಬಿಟ್ಟುಬಿಡಿ ವನಜಾ. ಫೈಲ್ ಹೋಗಿ ಆಯ್ತು. ನಿಮ್ಮ ಹೆಸರೇ ಕೆಡುತ್ತೆ,” ಅಂದರು. ಕೆಟ್ಟರೆ ಕೆಡಲಿ, ನಾನೇ ಸಂಭಾಜಿನಗರಕ್ಕೆ ಹೋಗಿ ಹೇಳುತ್ತೇನೆ ಅಂದೆ. ರಜೆ ಚೀಟಿ ಅಲ್ಲೇ ಬರೆದುಕೊಟ್ಟೆ.

ಕ್ಲಾಸಿನಲ್ಲಿ ಮಣಿ ಮುಂದಿಟ್ಟೆ. ತುಟಿ ಆಡಿತು. ಕೈ ಮೇಲೇಳುತ್ತಿತ್ತು. “ಬ್ಯಾಡಾ, ಮಧುರಾ?” ಅಂದೆ, ಅವಳ ಅಜ್ಜಿಯ ಥರವೇ. ಕೈ ಅರ್ಧಕ್ಕೆ ನಿಂತಿತು. ನನ್ನನ್ನು ಎಷ್ಟು ಹೊತ್ತು ನೋಡಿದಳೋ.

“ಬ್ಯಾಡ.”

ಮಣಿ ತೆಗೆದು ಡಬ್ಬಿಗೆ ಹಾಕಿದೆ. ಅಷ್ಟೇ.

ಆಗಸ್ಟ್ 12, ಮಂಗಳವಾರ

ಬ್ಯಾಡ: ಲೆಕ್ಕವಿಲ್ಲ. ಕಚ್ಚಿದ್ದು: ಐದು ದಿನದಿಂದ ಒಂದೂ ಇಲ್ಲ.

ನನ್ನ ಹೊಸ ಓಲೆಗೂ ಬ್ಯಾಡ ಅಂದಳು. ಬಿಚ್ಚಿಟ್ಟೆ. ಮಹಾರಾಣಿ ಅಪ್ಪಣೆ.

ಇನ್ನೊಂದು ವಿಷಯ. ಬೇಡ ಅಂದರೆ ನಿಲ್ಲಿಸುತ್ತಾರೆ ಅಂತ ನಂಬಿಕೆ ಬಂದ ಮೇಲೆ ತಾನೇ ಡಬ್ಬಿ ಎಳೆದುಕೊಳ್ಳುತ್ತಾಳೆ. ಇವತ್ತು ಹನ್ನೊಂದು ಮಣಿ. ನೀಲಿ, ಹಳದಿ, ನೀಲಿ, ಹಳದಿ. ಒಂದೂ ತಪ್ಪಿಲ್ಲ. ಭಾಗವ್ವಜ್ಜಿಗೆ ಫೋಟೊ ಕಳಿಸಿದೆ. ಮನೆಯಲ್ಲಿ ಈಗ ಬಾಯಿ ತುಂಬ ಕನ್ನಡ ಆಡಲು ನಾನೇ ಹೇಳಿದ್ದೇನೆ.

ಆಗಸ್ಟ್ 23, ಶನಿವಾರ. ಸಂಜೆ 4.30, ಸಂಭಾಜಿನಗರ ಬಸ್ ಸ್ಟ್ಯಾಂಡ್

ನಾಸಿಕ್ ಬಸ್ ಇನ್ನೂ ಬಂದಿಲ್ಲ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಡಾಕ್ಟರ್ ಮೋಹನದಾಸ. ಬಿಳಿ ಮೀಸೆ, ಮೆತ್ತಗಿನ ಮರಾಠಿ. ಮಧುರಾ ಅಪ್ಪ ಅಮ್ಮನ ಜೊತೆ ಒಳಗೆ ಬಂದಳು. ನನ್ನನ್ನು ಮೂಲೆಯಲ್ಲಿ ಕೂರಿಸಿದರು. ಮೊದಲ ಪಜಲ್ ಮಾಡಿದಳು. ಎರಡನೆಯದನ್ನೂ ಮಾಡಿದಳು. ಮೂರನೆಯದು ಇಟ್ಟಾಗ ದೂರ ತಳ್ಳಿ, “ಬ್ಯಾಡ” ಅಂದಳು. ಅವರು ಪೆನ್ನು ತೆಗೆದು ಏನೋ ಬರೆದುಕೊಂಡರು.

ಇನ್ನು ಸುಮ್ಮನಿರಲು ಆಗಲಿಲ್ಲ. “ಸರ್, ಅದು ಇಂಗ್ಲಿಷ್ ಅಲ್ಲ. ಕನ್ನಡ. ಮರಾಠಿಯ ನಕೋ, ಬೇಡ ಅನ್ನುತ್ತಿದ್ದಾಳೆ.”

“ಆದರೆ ಇಲ್ಲಿ ಬೈಯುತ್ತಾಳೆ ಅಂತ ಇದೆಯಲ್ಲ. ಯಾರ ಸಹಿ ಇದು?”

“ನನ್ನದೇ ಸರ್. ನಾನೂ ಕನ್ನಡದವಳೇ. ಆದರೂ ತಪ್ಪು ತಿಳಿದುಕೊಂಡೆ. ಕಚ್ಚಿಕೊಳ್ಳುವುದನ್ನು ಕಲಿಸಿದ್ದೂ ನಾನೇ.” ಹೇಳಿಬಿಟ್ಟೆ. ಮಧುರಾಳ ಅಪ್ಪ ನನ್ನ ಮುಖ ನೋಡಿದರು, ಅಮ್ಮ ನೆಲ ನೋಡಿದರು. ಇಬ್ಬರಲ್ಲಿ ಯಾರನ್ನೂ ನೇರ ನೋಡಲು ನನಗಾಗಲಿಲ್ಲ.

ಡಾಕ್ಟರ್ ಕನ್ನಡಕ ತೆಗೆದರು. ಪಜಲನ್ನು ಮತ್ತೆ ಅವಳ ಮುಂದಕ್ಕೆ ಸರಿಸಿ ಕಾದರು. ಅವಳು ಕೈ ಕಚ್ಚಿಕೊಂಡರೆ ಎಲ್ಲ ಮುಗಿಯಿತು ಅಂದುಕೊಂಡೆ. ಕಚ್ಚಲಿಲ್ಲ. ಅವರನ್ನು ನೋಡಿದಳು, ಇನ್ನಷ್ಟು ಗಟ್ಟಿಯಾಗಿ, “ಬ್ಯಾಡ,” ಅಂದಳು. ಎದ್ದು ಹೋಗಿ ಕಿಟಕಿ ಹತ್ತಿರ ನಿಂತಳು. ಅಳು ಇಲ್ಲ, ಕೂಗು ಇಲ್ಲ. ದೊಡ್ಡ ಡಾಕ್ಟರಿಗೇ ಬೇಡ ಅಂದು ಗೌರವದಿಂದ ಎದ್ದುಹೋದಳು ನನ್ನ ಹುಡುಗಿ. ನನಗೆ ಅಷ್ಟು ಹೆಮ್ಮೆ ನನ್ನ ಸ್ವಂತ ಮಗಳು ಅಪೂರ್ವ ಫಸ್ಟ್ ಕ್ಲಾಸ್ ಬಂದಾಗಲೂ ಆಗಿರಲಿಲ್ಲ. ಅಪೂರ್ವ ಇದನ್ನು ಓದಬಾರದು.

“ಠೀಕ್ ಆಹೆ. ಇವತ್ತಿಗೆ ಸಾಕು,” ಅಂದರು ಡಾಕ್ಟರ್. ತೀರ್ಮಾನ ಬರೆದು ಕಳಿಸುತ್ತಾರಂತೆ.

ಹೊರಗೆ ಬಂದ ಮೇಲೆ ರವಿಕಾಂತ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. “ಮನ್ಯಾಗ ನಾವೂ ಅದನ್ನ ಕೇಳಿಸಿಕೊಂಡಿಲ್ರಿ ಮೇಡಂ. ನಮ್ಮವ್ವನ ಭಾಷಾ ನಾವೇ ಬಂದ್ ಮಾಡಿಸಿದ್ವಿ,” ಅಂದರು.

ಬಸ್ ಬಂತು.

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ 11.10, ಕ್ಲಾಸಿನಲ್ಲೇ

ಪತ್ರ ಬಂದಿದೆ. ಹೆಡ್ ಮ್ಯಾಡಮ್ ತಾವೇ ತಂದುಕೊಟ್ಟರು. ಮೂರು ಸಲ ಓದಿದೆ. ‘ಇದೇ ಶಾಲೆಯಲ್ಲಿ ಮುಂದುವರಿಸುವುದು. ಮಗುವಿಗೆ ಬೇಡವಾದದ್ದನ್ನು ಮಾತಿನಲ್ಲಿ ಹೇಳಲು ಬರುತ್ತದೆ. ಮನೆಭಾಷೆ ಕನ್ನಡ ಎಂದು ತಿದ್ದಿಕೊಳ್ಳುವುದು.’ ಕೆಳಗೆ ನನ್ನ ಹಳೆಯ ರಿಪೋರ್ಟ್ ರದ್ದು ಅಂತಲೂ ಇದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಸಹಿಯ ಮೇಲೆ ಕೆಂಪು ಗೆರೆ. ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕು ಅನ್ನಿಸಿತು.

ಭಾಗವ್ವಜ್ಜಿಗೆ ಫೋನ್ ಮಾಡಿದೆ. ಅತ್ತ ಕಡೆ ಮೂಗೆಳೆದುಕೊಂಡು ಅತ್ತದ್ದು ಕೇಳಿಸಿತು.

ಮಧುರಾ ಬಂದು ನನ್ನ ಮೊಣಕೈಗೆ ಒರಗಿ ನಿಂತಿದ್ದಾಳೆ. ಬರೆಯುವುದನ್ನೇ ನೋಡುತ್ತಿದ್ದಾಳೆ. ಮಣಿ ಡಬ್ಬಿ ತೋರಿಸಿದೆ, ಬ್ಯಾಡ. ಬಿಸ್ಕತ್ತು, ಬ್ಯಾಡ. ಮತ್ತೇನು ಅಂದೆ. ಪೆನ್ನಿನ ತುದಿ ಹಿಡಿದಳು.

“ಬೇಕ.”

ಬೇಕ ಅಂದಳು. ಯಾರೂ ಹೇಳಿಕೊಟ್ಟಿಲ್ಲ, ನಾನಂತೂ ಅಲ್ಲ. ಇನ್ನೊಂದು ಸಲ ಹೇಳು ಪುಟ್ಟಿ ಅಂದರೆ ಕೇಳುವಳೇ, ಎರಡೂ ಕೈಯಲ್ಲಿ ಎಳೆಯುತ್ತಿದ್ದಾಳೆ, ತಾಳು, ಈ ಒಂದು ಸಾಲು ಮುಗಿಸಿ ಕೊಡ